ಬಾಡಿಗೆಯಲ್ಲಿ 1 ರೂ. ಹೆಚ್ಚಳ, ತೆರಿಗೆಯಲ್ಲಿ 975 ರೂ.!

ಕಮಲಾಪುರ: ಹಂಪಿ ವೀಕ್ಷಣೆಗೆ ಬರುವವರಿಗೆ ಕಮಲಾಪುರದಲ್ಲಿ ಸರ್ಕಾರಿ ಸ್ವಾಮ್ಯದ ಮಯೂರ ಭುವನೇಶ್ವರಿಯಿಂದ ಹಿಡಿದು ಅರಮನೆ ಮಾದರಿಯ ಐಷಾರಾಮಿ ಹೋಟೆಲ್‌ವರೆಗೆ ನಾನಾ ಬಗೆಯ ವಸತಿಗಳಿವೆ. ಕೊಠಡಿಯ ಮೇಲಿನ ಸರಕು ಮತ್ತು ಸೇವಾ ತೆರಿಗೆ (ಜಿಎಸ್‌ಟಿ) ಎಷ್ಟೆಂಬುದು ದಿನದ ಬಾಡಿಗೆಯನ್ನು ಅವಲಂಬಿಸಿದೆ.

2017ರ ಜುಲೈನಲ್ಲಿ ಜಿಎಸ್‌ಟಿ ಜಾರಿಗೆ ಬಂದಾಗ 1,000 ರೂ.ಗಿಂತ ಕಡಿಮೆ ಬಾಡಿಗೆಗೆ ತೆರಿಗೆ ಇರಲಿಲ್ಲ. ಗರಿಷ್ಠ ದರ ಶೇ 28 ಇತ್ತು. 2019ರ ಅಕ್ಟೋಬರ್‌ನಲ್ಲಿ ಗರಿಷ್ಠ ದರ ಶೇ 18ಕ್ಕೆ ಇಳಿಯಿತು. ಆದರೆ 2022ರ ಜುಲೈ 18ರಿಂದ ಅಗ್ಗದ ಕೊಠಡಿಗಳೂ ಶೇ 12ರ ತೆರಿಗೆಗೆ ಒಳಪಟ್ಟವು. ಐಷಾರಾಮಕ್ಕೆ ರಿಯಾಯಿತಿ, ಬಡ ಯಾತ್ರಿಕನಿಗೆ ಹೊರೆ!

2025ರ ಸೆಪ್ಟೆಂಬರ್ 22ರಿಂದ 7,500 ರೂ.ವರೆಗಿನ ಬಾಡಿಗೆಗೆ ಶೇ 5, ಅದಕ್ಕೆ ಮೇಲ್ಪಟ್ಟರೆ ಶೇ 18 ತೆರಿಗೆ ಅನ್ವಯವಾಗುತ್ತಿದೆ. ಆದಾಯ ತೆರಿಗೆಯ ಹಂತಗಳಂತೆ ಮಿತಿ ಮೀರಿದ ಮೊತ್ತಕ್ಕಷ್ಟೇ ಅಲ್ಲ, ಇಡೀ ಬಾಡಿಗೆಗೆ ಹೆಚ್ಚಿನ ದರ ಬೀಳುತ್ತದೆ. 7,500 ರೂ.ಗೆ ತೆರಿಗೆ 375 ರೂ.; 7,501 ರೂ.ಗೆ 1,350 ರೂ. ಹೀಗಿರುವಾಗ ಈ ಗಡಿಯ ಆಸುಪಾಸಿನ ಹೋಟೆಲ್ ಮಾಲೀಕ ಬಾಡಿಗೆ ಏರಿಸಲು ಹಿಂಜರಿಯುವುದು ಸಹಜ.

ಶೇ 5ರ ದರಕ್ಕೆ ಮತ್ತೊಂದು ಷರತ್ತಿದೆ. ಪೀಠೋಪಕರಣ, ಎ.ಸಿ., ಹೊರಗುತ್ತಿಗೆ ಸ್ವಚ್ಛತಾ ಸೇವೆ ಮುಂತಾದವುಗಳಿಗೆ ತೆತ್ತ ಜಿಎಸ್‌ಟಿಯನ್ನು ಹೋಟೆಲ್ ತನ್ನ ತೆರಿಗೆಯಲ್ಲಿ ಮುರಿದುಕೊಳ್ಳುವಂತಿಲ್ಲ. ಆ ಮೊತ್ತ ವೆಚ್ಚವಾಗಿ ಉಳಿಯುವುದರಿಂದ ದರ ಕಡಿತದ ಲಾಭ ಪೂರ್ಣವಾಗಿ ಪ್ರವಾಸಿಗನ ಕೈಸೇರುವುದು ಅನುಮಾನ.

ವಾರ್ಷಿಕ ವಹಿವಾಟು 20 ಲಕ್ಷ ರೂ. ಮೀರದ ಹೋಂಸ್ಟೇಗಳಿಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ. ನೇರವಾಗಿ ಬಂದ ಅತಿಥಿಗೆ ಅಲ್ಲಿ ಜಿಎಸ್‌ಟಿ ಇರುವುದಿಲ್ಲ. ಅದೇ ಕೊಠಡಿಯನ್ನು ಬುಕಿಂಗ್ ಜಾಲತಾಣದ ಮೂಲಕ ಕಾಯ್ದಿರಿಸಿದರೆ ತೆರಿಗೆ ಪಾವತಿಸುವ ಹೊಣೆ ಆ ಜಾಲತಾಣದ ಕಂಪನಿಯದು.