ಮಳೆಗಾಲಕ್ಕೆ ಮುನ್ನ ಮರ ಸವರುವಿಕೆ: ಮುಂಬಯಿ ನಿವಾಸಿಗಳು ತಿಳಿದಿರಬೇಕಾದ ವಿಚಾರಗಳು

ಮುಂಬಯಿ ಮಹಾನಗರಕ್ಕೆ ಮುಂಗಾರು ಸಾಮಾನ್ಯವಾಗಿ ಜೂನ್ 11ರ ಸುಮಾರಿಗೆ ಪ್ರವೇಶಿಸುತ್ತದೆ. ಅದಕ್ಕೆ ಮುನ್ನ ನಾಲೆಗಳ ಹೂಳೆತ್ತುವಂತೆಯೇ ರಸ್ತೆಬದಿಯ ಮರಗಳ ಕೊಂಬೆಗಳನ್ನು ಸವರುವುದೂ ಬೃಹನ್ಮುಂಬಯಿ ಮಹಾನಗರ ಪಾಲಿಕೆಯ ವಾರ್ಷಿಕ ಕಾರ್ಯಗಳಲ್ಲೊಂದು. ಆದರೆ ಈ ಹೊಣೆ ಪಾಲಿಕೆಯದು ಮಾತ್ರವಲ್ಲ. 2018ರ ವೃಕ್ಷಗಣತಿಯಂತೆ ನಗರದಲ್ಲಿದ್ದ ಸುಮಾರು 29.75 ಲಕ್ಷ ಮರಗಳ ಪೈಕಿ ರಸ್ತೆಬದಿಯವು ಎರಡು ಲಕ್ಷಕ್ಕಿಂತ ಕಡಿಮೆ. 15 ಲಕ್ಷಕ್ಕೂ ಹೆಚ್ಚು ಮರಗಳು ಖಾಸಗಿ ಆವರಣಗಳಲ್ಲಿದ್ದವು. ರಸ್ತೆಯ ಮೇಲೆ ಚಾಚಿದ ಕೊಂಬೆಯ ಬುಡ ಅನೇಕ ವೇಳೆ ನಮ್ಮ ಹೌಸಿಂಗ್ ಸೊಸೈಟಿಯ ಅಂಗಳದಲ್ಲಿಯೇ ಇರುತ್ತದೆ.

ಅಪಾಯವು ಕಾಲ್ಪನಿಕವಲ್ಲ. 2017ರ ಜುಲೈಯಲ್ಲಿ ಚೆಂಬೂರಿನಲ್ಲಿ ನಡೆದುಹೋಗುತ್ತಿದ್ದ ಮಹಿಳೆಯೊಬ್ಬರು ಮೈಮೇಲೆ ತೆಂಗಿನ ಮರ ಉರುಳಿ ಅಸುನೀಗಿದರು. 2021ರ ಮೇ 17ರಂದು ಬೀಸಿದ ತೌಕ್ತೆ ಚಂಡಮಾರುತದ ವೇಳೆ ನಗರದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮರಗಳು ಧರೆಗುರುಳಿದವು.

ಎಷ್ಟು ಎತ್ತರ ತೆರವಿರಬೇಕು?

ಪಾದಚಾರಿ ಮಾರ್ಗದ ಮೇಲೆ ಕನಿಷ್ಠ 2.2 ಮೀಟರ್ ಎತ್ತರದವರೆಗೆ ಯಾವ ಅಡೆತಡೆಯೂ ಇರಬಾರದೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಹೇಳುತ್ತದೆ. ಮೋಟಾರು ವಾಹನ ನಿಯಮಗಳಂತೆ ಎರಡಂತಸ್ತಿನ ಬಸ್ಸಿನ ಎತ್ತರ 4.75 ಮೀಟರ್‌ವರೆಗೆ ಇರಬಹುದು. ಅಂತಹ ಬಸ್ಸುಗಳು ಓಡುವ ರಸ್ತೆಯಲ್ಲಿ ಕೊಂಬೆಗಳು ಅದಕ್ಕಿಂತಲೂ ಮೇಲಿರುವುದು ಅಗತ್ಯ. ಬೀದಿದೀಪ ಹಾಗೂ ಸಿಗ್ನಲ್‌ಗಳನ್ನು ಮರೆಮಾಡುವ ಎಲೆಗೊಂಚಲುಗಳನ್ನೂ ನಿವಾರಿಸಬೇಕು.

ಕಾನೂನು ಏನು ಹೇಳುತ್ತದೆ?

1975ರ ಮಹಾರಾಷ್ಟ್ರ ನಗರ ಪ್ರದೇಶಗಳ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರವನ್ನು ಸುಡುವುದು ಅಥವಾ ಯಾವುದೇ ರೀತಿಯಲ್ಲಿ ಘಾಸಿಗೊಳಿಸುವುದು ಸಹ ಮರ ಕಡಿಯುವುದಕ್ಕೆ ಸಮಾನ. 2021ರ ತಿದ್ದುಪಡಿಯು 50 ವರ್ಷ ಹಾಗೂ ಅದಕ್ಕೂ ಹೆಚ್ಚು ವಯಸ್ಸಿನ ಮರಗಳಿಗೆ ಪಾರಂಪರಿಕ ವೃಕ್ಷವೆಂಬ ಸ್ಥಾನ ನೀಡಿದೆ. ಆದ್ದರಿಂದ ನಮ್ಮ ಅಂಗಳದ ಮರವೆಂದು ಯಾರನ್ನೋ ಕರೆತಂದು ಕಡಿಸುವುದು ಸಲ್ಲದು. ಸೊಸೈಟಿಯ ಪದಾಧಿಕಾರಿಗಳು ಮರದ ಛಾಯಾಚಿತ್ರಗಳೊಂದಿಗೆ ವಾರ್ಡ್ ಕಚೇರಿಯ ಉದ್ಯಾನ ವಿಭಾಗಕ್ಕೆ ಅರ್ಜಿ ಸಲ್ಲಿಸಿ, ಅನುಮತಿ ದೊರೆತ ಬಳಿಕವೇ ಕೆಲಸ ಮಾಡಿಸಬೇಕು. ಮರ ಅಥವಾ ಕೊಂಬೆ ಬಿದ್ದ ತುರ್ತು ಸಂದರ್ಭದಲ್ಲಿ ಪಾಲಿಕೆಯ 1916 ಸಂಖ್ಯೆಗೆ ಕರೆಮಾಡಬಹುದು.

ಸವರುವ ಕ್ರಮ

ತಪ್ಪಾಗಿ ಸವರಿದ ಮರವು ಸವರದ ಮರಕ್ಕಿಂತ ಹೆಚ್ಚು ಅಪಾಯಕಾರಿಯಾಗಬಲ್ಲದು. ನೆತ್ತಿಯನ್ನೇ ಕತ್ತರಿಸಿದರೆ ಅಲ್ಲಿಂದ ಒತ್ತೊತ್ತಾಗಿ ಚಿಗುರುವ ರೆಂಬೆಗಳು ಕಾಂಡಕ್ಕೆ ಸಡಿಲವಾಗಿ ಅಂಟಿಕೊಂಡಿದ್ದು, ಕೆಲವೇ ವರ್ಷಗಳಲ್ಲಿ ಗಾಳಿಗೆ ಮುರಿಯುತ್ತವೆ. ರಸ್ತೆಯ ಕಡೆಯ ಕೊಂಬೆಗಳನ್ನಷ್ಟೇ ತೆಗೆದರೆ ಮರದ ಸಮತೋಲ ಕೆಡುತ್ತದೆ. ಮೊದಲು ಒಣಗಿದ, ರೋಗ ತಗುಲಿದ ಹಾಗೂ ಒಂದನ್ನೊಂದು ಉಜ್ಜುವ ಕೊಂಬೆಗಳನ್ನು ತೆಗೆಯಬೇಕು.

ದೊಡ್ಡ ಕೊಂಬೆಯನ್ನು ಮೂರು ಹಂತಗಳಲ್ಲಿ ಕೊಯ್ಯುವುದು ಸರಿಯಾದ ವಿಧಾನ. ಕಾಂಡದಿಂದ ಸ್ವಲ್ಪ ದೂರದಲ್ಲಿ ಕೆಳಗಿನಿಂದ ಅರೆಗರಗಸ ಹಾಕಬೇಕು. ಅದರಾಚೆ ಮೇಲಿನಿಂದ ಕೊಯ್ದು ಭಾರವನ್ನು ಇಳಿಸಬೇಕು. ಕೊನೆಗೆ ಉಳಿದ ಮೋಟನ್ನು, ಕೊಂಬೆಯ ಬುಡದಲ್ಲಿ ಉಂಗುರದಂತೆ ಉಬ್ಬಿರುವ ಭಾಗಕ್ಕೆ ಗಾಯವಾಗದಂತೆ ತೆಗೆಯಬೇಕು. ಹೀಗೆ ಮಾಡಿದಲ್ಲಿ ತೊಗಟೆ ಸೀಳದು, ಗಾಯವೂ ಬೇಗ ಮುಚ್ಚಿಕೊಳ್ಳುತ್ತದೆ. ತೆಂಗಿನ ಮರದಿಂದ ಒಣಗಿದ ಗರಿ ಹಾಗೂ ಕಾಯಿಗಳನ್ನು ಕಾಲಕಾಲಕ್ಕೆ ಇಳಿಸಬೇಕು.

ಬೆಳ್ಳಕ್ಕಿ ಮುಂತಾದ ಹಕ್ಕಿಗಳು ಗೂಡುಕಟ್ಟುವುದು ಮಳೆಯ ದಿನಗಳಲ್ಲಿಯೇ. ವನ್ಯಪಕ್ಷಿಗಳ ಗೂಡು, ಮೊಟ್ಟೆಗಳನ್ನು ನಾಶಪಡಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ವಯ ಅಪರಾಧ. ಆದಕಾರಣ ಅರ್ಜಿಯನ್ನು ಮೇ ಕೊನೆಯವರೆಗೆ ತಡಮಾಡದೆ ಚಳಿಗಾಲ ಮುಗಿಯುತ್ತಿದ್ದಂತೆಯೇ ಸಲ್ಲಿಸುವುದು ಲೇಸು.

ಬುಡವೂ ಮುಖ್ಯ

ಮರವನ್ನು ನಿಲ್ಲಿಸುವುದು ಬೇರು. ಬುಡದವರೆಗೆ ಕಾಂಕ್ರೀಟು ಹಾಕಿದರೆ ಬೇರಿಗೆ ನೀರು, ಗಾಳಿ ದೊರೆಯವು. ಕೊಳವೆಗಾಗಿ ಅಗೆಯುವಾಗ ಬೇರು ಕಡಿದರೆ ಮರದ ಹಿಡಿತ ತಪ್ಪುತ್ತದೆ. ಕಾಂಡದ ಸುತ್ತ ಒಂದು ಮೀಟರ್ ಜಾಗವನ್ನು ತೆರವುಗೊಳಿಸುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2013ರಲ್ಲಿ ದೆಹಲಿಗೆ ಸಂಬಂಧಿಸಿ ನೀಡಿದ ಆದೇಶವು ಎಲ್ಲ ನಗರಗಳಿಗೂ ಮಾದರಿ. ಸೊಸೈಟಿಯ ಮುಂದಿನ ಸಭೆಯಲ್ಲಿ ನೀರಿನ ಟ್ಯಾಂಕು, ಲಿಫ್ಟ್‌ಗಳ ದುರಸ್ತಿಯೊಂದಿಗೆ ಅಂಗಳದ ಮರಗಳ ತಪಾಸಣೆಯನ್ನೂ ಕಾರ್ಯಸೂಚಿಗೆ ಸೇರಿಸೋಣ. ನೆರಳೂ ಉಳಿಯಲಿ, ಅದರಡಿ ನಡೆಯುವವರೂ ಕ್ಷೇಮವಾಗಿರಲಿ.