ಒಂದೆರಡು ಕಡೆ ಮಳೆ

ಹಸ್ತೆಯ ಮಳೆ ನಡೆದಿರುವ ಈ ದಿನಗಳಲ್ಲಿ ಬಿಸಿಲಿಗೂ ಮಳೆಗೂ ಏನೋ ಒಳ ಒಪ್ಪಂದವಿದ್ದಂತೆ ತೋರುತ್ತದೆ. ಹತ್ತು ಗಂಟೆಗೆ ನೆತ್ತಿ ಸುಡುವ ಬಿಸಿಲು. ನಾಲ್ಕಕ್ಕೆ ಗುಡುಗು, ಹಿಂದೆಯೇ ಸುರಿಮಳೆ. ದಸರೆಗೆ ಮನೆ ಚೊಕ್ಕಟ ಮಾಡುವ ಸಂಭ್ರಮದಲ್ಲಿ ಕಳೆದ ವಾರ ನಮ್ಮ ಹಾಸಿಗೆಗಳೆಲ್ಲ ತಾರಸಿಯನ್ನೇರಿದುವು. ‘ಒಂದೆರಡು ಕಡೆ ಮಳೆಯಾಗಬಹುದು’ ಎಂಬ ಮುನ್ಸೂಚನೆಯನ್ನು ಓದಿ ಹೇಳಿದವನೂ ನಾನೇ, ಅದಕ್ಕೆ ‘ಮಳೆಯಿಲ್ಲ’ ಎಂದು ಭಾಷ್ಯ ಬರೆದವನೂ ನಾನೇ. ಸಂಜೆ ಕಾಲೇಜಿನಿಂದ ಬಂದಾಗ ಹಾಸಿಗೆಗಳು ನೀರು ಸುರಿಸುತ್ತಿದ್ದುವು. “ಆ ಒಂದೆರಡು ಕಡೆಯಲ್ಲಿ ನಮ್ಮ ತಾರಸಿಯೂ ಒಂದು ಅಂತ ನಿಮಗೆ ಗೊತ್ತಿರಲಿಲ್ವೇನ್ರೀ?” ಎಂದಳು ನನ್ನ ಹೆಂಡತಿ.

ವ್ಯಾಕರಣ ಪಾಠ ಹೇಳುವವನಿಗೆ ಇದಕ್ಕಿಂತ ಅವಮಾನ ಬೇಕೆ? ಆ ಮಾತುಗಳಿಗೆ ಗೊತ್ತಾದ ಅಳತೆಯಿದೆ. ಒಂದು ಉಪವಿಭಾಗದ ಮಳೆಮಾಪನ ಕೇಂದ್ರಗಳಲ್ಲಿ ಶೇಕಡ 25ರವರೆಗೆ ಮಳೆ ಬಂದರೆ ಅದು ‘ಒಂದೆರಡು ಕಡೆ’, 50ರವರೆಗೆ ‘ಕೆಲವೆಡೆ’, 75ರವರೆಗೆ ‘ಹಲವೆಡೆ’, ಅದಕ್ಕೂ ಮೀರಿದರೆ ‘ಬಹುತೇಕ ಎಲ್ಲ ಕಡೆ’. ನಮ್ಮ ತಾರಸಿ ಶೇಕಡ 25ರೊಳಗೆ ಸೇರಿತು, ಮುನ್ಸೂಚನೆ ಸುಳ್ಳಾಗಲಿಲ್ಲ.

ಸೆಪ್ಟೆಂಬರಿನ ನಡುವೆ ರಾಜಸ್ಥಾನದ ಪಶ್ಚಿಮದ ಅಂಚಿನಿಂದ ಮುಂಗಾರು ಹಿಂದೆಗೆಯತೊಡಗುತ್ತದೆ. ಮೋಡ ಸರಿದಲ್ಲಿ ಬಿಸಿಲು ನೇರವಾಗಿ ಹಸಿ ನೆಲದ ಮೇಲೆ ಬೀಳುತ್ತದೆ. ಆದುದರಿಂದಲೇ ಆ ಬೇಗೆ, ಆ ಬೆವರು. ನಮ್ಮ ದಕ್ಷಿಣದಲ್ಲಿ ಅದೇ ಬೇಗೆ ಸಂಜೆಗೆ ಗುಡುಗುಮಳೆಯಾಗುತ್ತದೆ. ಇದು ನೆಲದ ಮಾತಾಯಿತು. ಇದೇ ಋತುವಿನಲ್ಲಿ ಬಂಗಾಳ ಕೊಲ್ಲಿಯ ನೀರೂ ಬೆಚ್ಚಗಿದ್ದು ಚಂಡಮಾರುತಗಳನ್ನು ಹುಟ್ಟಿಸುತ್ತದೆ. ಈ ದೇಶದ ಮುನ್ಸೂಚನೆಯ ಕಥೆ ಪ್ರಾರಂಭವಾಗುವುದು ಅಲ್ಲಿಂದ.

‘ಸೈಕ್ಲೋನ್’ ಎಂಬ ಶಬ್ದವನ್ನು ಟಂಕಿಸಿದವನು ಕಲ್ಕತ್ತೆಯಲ್ಲಿ ನೆಲೆಸಿದ್ದ ಹೆನ್ರಿ ಪಿಡ್ಡಿಂಗ್ಟನ್ ಎಂಬ ಹಳೆಯ ನಾವಿಕ. ಹಡಗುಗಳ ದಿನಚರಿಗಳನ್ನು ಕೂಡಿಹಾಕಿ, ಬಿರುಗಾಳಿ ನೇರವಾಗಿ ಬೀಸುವುದಿಲ್ಲ, ಸುತ್ತುತ್ತ ಸಾಗುತ್ತದೆ ಎಂಬುದನ್ನು ನಾವಿಕರಿಗೆ ತಿಳಿಯುವಂತೆ 1848ರಲ್ಲಿ ಪುಸ್ತಕ ಬರೆದ. ಹಾವಿನ ಸುರುಳಿಯನ್ನು ನೆನೆದು ಗ್ರೀಕಿನಿಂದ ಆ ಹೆಸರು ಕಟ್ಟಿದ. (ನಮ್ಮ ‘ಚಂಡಮಾರುತ’ದಲ್ಲಿ ಉಗ್ರತೆಯಿದೆ, ಸುತ್ತು ಇಲ್ಲ, ಹಳ್ಳಿಯ ‘ಸುಂಟರಗಾಳಿ’ಯೇ ಮೇಲು.) ಮಾತ್ಲಾ ನದಿಯ ದಡದಲ್ಲಿ ಹೊಸ ಬಂದರು ಕಟ್ಟುವ ಯೋಚನೆ ಹೊರಟಾಗ, ಬೇಡ, ಸಮುದ್ರದ ಅಲೆ ಅದನ್ನು ಕೊಚ್ಚಿಕೊಂಡು ಹೋದೀತು ಎಂದು 1853ರಲ್ಲಿ ಡಾಲ್‌ಹೌಸಿಗೆ ಬಹಿರಂಗ ಪತ್ರ ಬರೆದ. ಕೇಳುವವರಾರು? ಪೋರ್ಟ್ ಕ್ಯಾನಿಂಗ್ ಎದ್ದಿತು. 1867ರ ನವೆಂಬರಿನ ಬಿರುಗಾಳಿ ಅದನ್ನು ಹಾಳುಗೆಡವಿತು. ಪಿಡ್ಡಿಂಗ್ಟನ್ 1858ರಲ್ಲೇ ತೀರಿಕೊಂಡಿದ್ದ.

ಅದಕ್ಕೂ ಮೂರು ವರ್ಷ ಮೊದಲು, 1864ರ ಅಕ್ಟೋಬರ್ 5ರಂದು, ಕಲ್ಕತ್ತೆಯ ಮೇಲೆಯೇ ಚಂಡಮಾರುತ ಎರಗಿತು. ಅಂಡಮಾನ್ ಬಳಿಯ ಸಮುದ್ರದಲ್ಲಿ ಹುಟ್ಟಿ, ದಿನಗಟ್ಟಲೆ ಕೊಲ್ಲಿಯನ್ನು ದಾಟಿ ಬಂದ ಗಾಳಿ ಅದು. ಹೂಗ್ಲಿ ನದಿಯೊಳಕ್ಕೆ ಕಡಲೇ ನುಗ್ಗಿ ತಗ್ಗಿನ ಊರುಗಳನ್ನು ತೊಳೆದುಹಾಕಿತು. ಸತ್ತವರು ಸುಮಾರು 60,000 ಎಂದು ಅಂದಾಜು. ನನ್ನನ್ನು ಕಾಡುವ ಸಂಗತಿ ಬೇರೆಯೇ ಇದೆ. ಕಲ್ಕತ್ತೆಗೂ ಡೈಮಂಡ್ ಹಾರ್ಬರಿಗೂ ನಡುವೆ ತಂತಿ ಟಪಾಲಿನ ವ್ಯವಸ್ಥೆ 1851ರಲ್ಲೇ ಬಂದಿತ್ತು. ಗಾಳಿಗಿಂತ ವೇಗವಾಗಿ ಓಡುವ ತಂತಿಯಿತ್ತು, ಗಾಳಿಯ ನಡೆಯನ್ನು ವಿವರಿಸುವ ಪುಸ್ತಕವಿತ್ತು. ಕರಾವಳಿಯುದ್ದಕ್ಕೂ ವಾಯುಭಾರ ನೋಡಿ ಸುದ್ದಿ ಕಳಿಸಬೇಕೆಂಬ ಏರ್ಪಾಡು ಮಾತ್ರ ಇರಲಿಲ್ಲ.

ಕಲ್ಕತ್ತೆ ಬಂದರಿಗೆ ಬಿರುಗಾಳಿ ಎಚ್ಚರಿಕೆ ಕೊಡುವ ವ್ಯವಸ್ಥೆ ಮರುವರ್ಷ, 1865ರಲ್ಲಿ, ಬಂದಿತು. ಆ ದುರಂತದ ವರದಿಯನ್ನು ಬರೆದ ಇಬ್ಬರಲ್ಲಿ ಒಬ್ಬ ಹೆನ್ರಿ ಬ್ಲ್ಯಾನ್‌ಫರ್ಡ್, ಪ್ರೆಸಿಡೆನ್ಸಿ ಕಾಲೇಜಿನ ಮೇಷ್ಟ್ರು. (ಮೇಷ್ಟ್ರುಗಳು ಪರೀಕ್ಷೆಯ ಕಾಗದ ತಿದ್ದುವುದಷ್ಟಕ್ಕೇ ಅಲ್ಲವೆಂದು ತೋರಿಸಲು ಈ ಹೆಸರನ್ನು ಒತ್ತಿ ಹೇಳುತ್ತಿದ್ದೇನೆ.) ಮಧ್ಯೆ 1866ರಲ್ಲಿ ಒರಿಸ್ಸಾದ ಭೀಕರ ಕ್ಷಾಮ. ಕಡೆಗೆ 1875ರಲ್ಲಿ ಇಡೀ ದೇಶಕ್ಕೊಂದು ಹವಾಮಾನ ಇಲಾಖೆ ಏರ್ಪಟ್ಟು ಬ್ಲ್ಯಾನ್‌ಫರ್ಡನೇ ಅದರ ಮೊದಲ ಮುಖ್ಯಸ್ಥನಾದ. ಪ್ರಾಂತಪ್ರಾಂತಗಳ ಬಿಡಿಬಿಡಿ ಅಳತೆಗಳು ಒಂದೇ ಕಡೆ ಸೇರಿದ ಮೇಲಲ್ಲವೆ, ನಾಳಿನ ಮಾತನ್ನು ಆಡುವ ಧೈರ್ಯ ಬರುವುದು?

ಧೈರ್ಯ ಬಂದರೂ ಸಾಲದು, ಮಾತು ಮನೆಬಾಗಿಲಿಗೆ ಮುಟ್ಟಬೇಕು. 1999ರ ಅಕ್ಟೋಬರ್ 29ರಂದು ಒಡಿಶಾಕ್ಕೆ ಬಂದ ಮಹಾ ಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ಹದಿನಾಲ್ಕು ವರ್ಷಗಳ ಮೇಲೆ, 2013ರ ಅಕ್ಟೋಬರ್ 12ರ ರಾತ್ರಿ, ಅದೇ ರಾಜ್ಯದ ಗೋಪಾಲಪುರದ ಬಳಿ ಫೈಲಿನ್ ಅಪ್ಪಳಿಸಿತು. ಅಷ್ಟರೊಳಗೆ ಹತ್ತು ಲಕ್ಷದ ಸಮೀಪ ಜನರನ್ನು ಕರಾವಳಿಯಿಂದ ಸಾಗಿಸಿಯಾಗಿತ್ತು. ಸತ್ತವರು ಐವತ್ತಕ್ಕಿಂತ ಕಡಿಮೆ.

ಇಂದು ಮತ್ತೆ ‘ಒಂದೆರಡು ಕಡೆ’ ಎಂದೇ ಇದೆ. ಹಾಸಿಗೆಗಳು ತಾರಸಿಯ ಮೇಲಿವೆ. ರಜೆ ಹಾಕಿ, ಪಡುವಣದ ಮೋಡದತ್ತ ಒಂದು ಕಣ್ಣಿಟ್ಟು, ಮೆಟ್ಟಿಲ ಮೇಲೆ ಕುಳಿತು ಇದನ್ನು ಬರೆಯುತ್ತಿದ್ದೇನೆ.