ದೆಹಲಿಗೆ ಉರುಳಿಬಂದ ಕಲ್ಲುಗಳು

ದೆಹಲಿಯ ಕೆಲವು ಹೆಸರಾಂತ ಕಲ್ಲುಗಳು ನಮ್ಮ ಹಾಗೆಯೇ ಹೊರಗಿನಿಂದ ಬಂದು ನೆಲೆಸಿದವು. ಫಿರೋಜ್ ಶಾ ಕೋಟ್ಲಾದ ಅಶೋಕಸ್ತಂಭ ಮೊದಲು ಇದ್ದದ್ದು ಇಂದಿನ ಹರಿಯಾಣದ ಟೋಪ್ರಾ ಹಳ್ಳಿಯಲ್ಲಿ. 14ನೇ ಶತಮಾನದಲ್ಲಿ ಸುಲ್ತಾನ ಫಿರೋಜ್ ಶಾ ತುಘಲಕ್ ಅದನ್ನು ತನ್ನ ಹೊಸ ರಾಜಧಾನಿಗೆ ತರಿಸಿದ. ಚರಿತ್ರೆಕಾರ ಶಂಸ್-ಇ-ಸಿರಾಜ್ ಅಫೀಫ್ ಆ ಸಾಹಸವನ್ನು ಬರೆದಿಟ್ಟಿದ್ದಾನೆ. ಕಂಬ ಮುರಿಯದಂತೆ ಬುಡದ ಸುತ್ತ ಬೂರುಗದ ಹತ್ತಿ, ಮೈಗೆ ಜೊಂಡು ಮತ್ತು ತೊಗಲಿನ ಹೊದಿಕೆ, 42 ಗಾಲಿಗಳ ಬಂಡಿ, ಒಂದೊಂದು ಗಾಲಿಯ ಹಗ್ಗಕ್ಕೆ 200 ಜನ. ಲೆಕ್ಕ ಹಾಕಿದರೆ 8,400 ಜನ. ಆಮೇಲೆ ಯಮುನೆಯಲ್ಲಿ ದೋಣಿಗಳ ಮೇಲೆ ಪಯಣ.

ಕಂಬವೇನೋ ಬಂತು, ಅದರ ಮೇಲಿನ ಬರಹ ಓದುವವರು ಸಿಗಲಿಲ್ಲ. ಸುಲ್ತಾನ ಪಂಡಿತರನ್ನು ಕರೆಸಿ ಕೇಳಿದರೂ ಫಲವಾಗಲಿಲ್ಲ. ಜೇಮ್ಸ್ ಪ್ರಿನ್ಸೆಪ್ ಆ ಬ್ರಾಹ್ಮಿ ಲಿಪಿಯನ್ನು ಬಿಡಿಸಿದ್ದು 1837ರಲ್ಲಿ. ಆಗಲೂ ಕಂಬದಲ್ಲಿ ಕಂಡದ್ದು 'ದೇವಾನಾಂಪಿಯ ಪಿಯದಸಿ' ಎಂಬ ಬಿರುದು ಮಾತ್ರ. ಅದು ಅಶೋಕನದೇ ಎಂದು ಸಿಂಹಳದ ಗ್ರಂಥಗಳ ಆಧಾರದಿಂದ ವಿದ್ವಾಂಸರು ಗುರುತಿಸಿದರು. ಶಾಸನವೇ ಆ ಹೆಸರನ್ನು ನುಡಿದದ್ದು 1915ರಲ್ಲಿ, ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಕಂಡ ಆ ಬಂಡೆ ಕೋಟ್ಲಾದ ಕಂಬದಂತೆ ಹೊಳೆಯುವುದಿಲ್ಲ. ಆದರೂ ಕಂಬದ ಒಡೆಯನ ಹೆಸರಿಗೆ ಸಾಕ್ಷಿ ನುಡಿದದ್ದು ಅದು.

ಎತ್ತರದ ಕಲ್ಲು ಹೆಸರನ್ನು ಕಾಪಾಡುತ್ತದೆ ಎಂಬ ನಂಬಿಕೆ ಬ್ರಿಟಿಷರಿಗೂ ಇತ್ತು. ಇಂಡಿಯಾ ಗೇಟಿನ ಹಿಂದೆ ಲಟ್ಯೆನ್ಸ್ ವಿನ್ಯಾಸದ 73 ಅಡಿಯ ಮಂಟಪದಲ್ಲಿ ಐದನೇ ಜಾರ್ಜ್ ದೊರೆಯ ಅಮೃತಶಿಲೆಯ ಪ್ರತಿಮೆ ನಿಂತಿತು. 1965ರ ಆಗಸ್ಟ್‌ನಲ್ಲಿ ಸಮಾಜವಾದಿ ಕಾರ್ಯಕರ್ತರು ಅದಕ್ಕೆ ಟಾರು ಬಳಿದು, ಮೂಗು ಕಿವಿ ಒಡೆದು, ನೇತಾಜಿಯವರ ಚಿತ್ರವೊಂದನ್ನು ಇಟ್ಟು ಹೋದರು. 1968ರಲ್ಲಿ ದೊರೆ ಊರಾಚೆಯ ಕೊರೊನೇಷನ್ ಪಾರ್ಕಿಗೆ ಹೋದ. 1911ರ ದರ್ಬಾರಿನಲ್ಲಿ ಅವನೇ ದೆಹಲಿಯನ್ನು ರಾಜಧಾನಿ ಎಂದು ಸಾರಿದ್ದ ಜಾಗ ಅದು. ಮಂಟಪ 54 ವರ್ಷ ಖಾಲಿಯಿತ್ತು.

2022ರ ಸೆಪ್ಟೆಂಬರ್ 8ರಂದು ಅಲ್ಲಿ ನೇತಾಜಿಯವರ 28 ಅಡಿಯ ಪ್ರತಿಮೆ ಅನಾವರಣಗೊಂಡಿತು. ತೆಲಂಗಾಣದ ಖಮ್ಮಂನಿಂದ 280 ಟನ್ ತೂಕದ ಗ್ರಾನೈಟ್ ಬಂಡೆ 140 ಗಾಲಿಗಳ ಲಾರಿಯಲ್ಲಿ 1,665 ಕಿಲೋಮೀಟರ್ ದೂರ ಬಂದಿತ್ತು. ಕೆತ್ತಿ ಮುಗಿಸಿದಾಗ ಉಳಿದದ್ದು 65 ಟನ್. ಕೆತ್ತಿದ ತಂಡದ ಮುಂದಾಳು ಮೈಸೂರಿನ ಅರುಣ್ ಯೋಗಿರಾಜ್. ಐದನೇ ತಲೆಮಾರಿನ ಈ ಶಿಲ್ಪಿ ಎಂಬಿಎ ಓದಿ, ಕಂಪನಿಯ ಕೆಲಸ ಬಿಟ್ಟು ಉಳಿ ಹಿಡಿದವರು.

ಇಂಥ ಕೆಲಸದಲ್ಲಿ ಹೆಸರು ಯಾರದು ಉಳಿಯುತ್ತದೆ? ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿಯ ಶಾಸನದಲ್ಲಿರುವುದು ಮಾಡಿಸಿದ ಚಾವುಂಡರಾಯನ ಹೆಸರು, ಕಡೆದವನದಲ್ಲ. ಹೊಯ್ಸಳರ ಕಾಲಕ್ಕೆ ಅದು ಬದಲಾಯಿತು. ಬಳ್ಳಿಗಾವಿಯ ದಾಸೋಜ, ಮಲ್ಲಿತಮ್ಮ ಮುಂತಾದವರು ತಾವು ಕಡೆದ ಮೂರ್ತಿಗಳ ಕೆಳಗೆ ತಮ್ಮ ಹೆಸರನ್ನೂ ಕೊರೆದರು. ಆ ಪುಟ್ಟ ಅಕ್ಷರಗಳಿಂದಲೇ ಎಂಟು ಒಂಬತ್ತು ಶತಮಾನಗಳ ಬಳಿಕವೂ ನಾವು ಅವರನ್ನು ಹೆಸರು ಹಿಡಿದು ಕರೆಯುತ್ತೇವೆ.

ಕರ್ತವ್ಯಪಥಕ್ಕೆ ಊರಿನ ನೆಂಟರನ್ನೋ ಮಕ್ಕಳನ್ನೋ ಕರೆದೊಯ್ದಾಗ ನೇತಾಜಿಯ ಕಥೆ ಹೇಳುತ್ತೇವೆ. ಜೊತೆಗೆ ಕಡೆದವರ ಹೆಸರನ್ನೂ ಹೇಳೋಣ. ಕಲ್ಲನ್ನು ತರಲು ದೊರೆಗಳಿಗೆ ಗಾಲಿಗಳು ಸಾಕಾದವು. ಹೆಸರು ದಾಟಿಸಲು ಮಾತ್ರ ಬಲ್ಲವರ ಬಾಯಿಯೇ ಬೇಕು.